ಅಜ್ಜಿಯ ಪ್ರಶ್ನೆ, ಮೊಮ್ಮಗಳ ಉತ್ತರ



ಅರ್ಜಿ ನಮೂನೆಗಳಲ್ಲಿ 'ಮಾತೃಭಾಷೆ' ಎಂದು ಅಚ್ಚಾಗಿರುವ ಕಡೆ ನಾವೆಲ್ಲ ಒಂದು ಹೆಸರು ಬರೆದು ಮುಂದಿನ ಸಾಲಿಗೆ ಹೋಗುತ್ತೇವೆ. ಅಲ್ಲಿ ಬಿಟ್ಟಿರುವ ಜಾಗವೂ ಒಂದು ಹೆಸರಿಗೆ ಸಾಲುವಷ್ಟೇ. ಆದರೆ ಒಂದೇ ಸೂರಿನಡಿ ನಾಲ್ಕು ಭಾಷೆಗಳು ಸಂಸಾರ ಹೂಡಿರುವ ಮನೆಗಳೂ ಈ ಪ್ರಪಂಚದಲ್ಲಿವೆ. ಅಂಥ ಮನೆಗಳಲ್ಲಿ ಮಾತು ಹೇಗೆ ನಡೆಯುತ್ತದೆ, ಎಲ್ಲಿ ನಿಂತುಹೋಗುತ್ತದೆ, ಅದರಲ್ಲಿ ನಮ್ಮಂಥ ಪ್ರಸಾರ ಮಾಧ್ಯಮದವರ ಪಾಲೆಷ್ಟು ಎಂಬುದೇ ಇಂದಿನ ನನ್ನ ಮಾತಿನ ವಿಷಯ. ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಸಿಂಗಪುರದ ಚೀನೀ ಕುಟುಂಬಗಳನ್ನು.

ಅಂಥದೊಂದು ಮನೆಯ ರಾತ್ರಿಯ ಊಟವನ್ನು ಕಲ್ಪಿಸಿಕೊಳ್ಳಿ. ಅಜ್ಜಿಯ ಹಿರಿಯರು ಚೀನಾದ ಫೂಜಿಯಾನ್ ಪ್ರಾಂತದಿಂದ ಬಂದವರು; ಆಕೆಯ ಮಾತು ಹೊಕ್ಕಿಯನ್. ಮಗ ಎಂಬತ್ತರ ದಶಕದಲ್ಲಿ ಶಾಲೆಗೆ ಹೋದವನು. ತಾಯಿಯೊಡನೆ ಹೊಕ್ಕಿಯನ್, ಹೆಂಡತಿಯೊಡನೆ ಮ್ಯಾಂಡರಿನ್. ಸೊಸೆಯ ತವರು ಕ್ಯಾಂಟೊನೀಸ್ ಆಡುವ ಮನೆ. ಫೋನಿನಲ್ಲಿ ತಾಯಿ ಸಿಕ್ಕರೆ ಆಕೆಗೆ ಬೇರೆ ಭಾಷೆ ಬಾಯಿಗೆ ಬರುವುದಿಲ್ಲ. ಹತ್ತು ವರ್ಷದ ಮೊಮ್ಮಗಳಿಗೆ ಶಾಲೆಯಲ್ಲೂ ಆಟದಲ್ಲೂ ಇಂಗ್ಲಿಷು. ಅಜ್ಜಿ ಹೊಕ್ಕಿಯನ್ನಿನಲ್ಲಿ ಕೇಳುತ್ತಾಳೆ, ಮೊಮ್ಮಗಳು ಅಪ್ಪನ ಮುಖ ನೋಡುತ್ತಾಳೆ, ಅಪ್ಪ ಮ್ಯಾಂಡರಿನ್ನಿಗೆ ತಿರುಗಿಸುತ್ತಾನೆ, ಮಗು ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ, ಆ ಉತ್ತರ ಮತ್ತೆ ಹೊಕ್ಕಿಯನ್ ಆಗಿ ಅಜ್ಜಿಯ ಕಿವಿ ಸೇರುತ್ತದೆ. ಇಷ್ಟೆಲ್ಲ ಆದರೂ ಬಟ್ಟಲಿನ ಸೂಪು ತಣ್ಣಗಾಗಿರುವುದಿಲ್ಲ. ಹೊರಗಿನವರಿಗೆ ಸರ್ಕಸ್ಸು ಎನಿಸುವ ಇದು ಅವರಿಗೆ ದಿನನಿತ್ಯದ ವ್ಯವಹಾರ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಎಲ್ಲರೂ ಚೀನೀಯರೇ ಅಲ್ಲವೆ, ಎಲ್ಲರೂ ಆಡುವುದು ಚೀನೀ ಭಾಷೆಯೇ ಅಲ್ಲವೆ?

ಅಲ್ಲ. ಹೊಕ್ಕಿಯನ್, ತಿಯೋಚ್ಯೂ, ಕ್ಯಾಂಟೊನೀಸ್, ಹಕ್ಕಾ, ಹೈನಾನೀಸ್ ಇವನ್ನೆಲ್ಲ ಉಪಭಾಷೆಗಳೆಂದು ಕರೆಯುವ ರೂಢಿಯೇನೋ ಇದೆ. ಆದರೆ ಧಾರವಾಡದ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಇರುವಂಥ ಅಂತರ ಇದಲ್ಲ. ಮ್ಯಾಂಡರಿನ್ ಮಾತ್ರ ಬಲ್ಲವನ ಮುಂದೆ ಹೊಕ್ಕಿಯನ್ ಆಡಿದರೆ ಕನ್ನಡಿಗನ ಮುಂದೆ ಅವನು ಕಲಿಯದ ಮಲಯಾಳ ಆಡಿದ ಹಾಗೆಯೇ. ಇವುಗಳನ್ನು ಕಟ್ಟಿಹಾಕಿರುವುದು ಲಿಪಿ. ಅಕ್ಷರ ಒಂದೇ, ಓದುವ ಬಾಯಿ ಬೇರೆ. ಹತ್ತು ಎಂಬ ಅಂಕಿಗೆ ಬರೆಯುವ ಚಿಹ್ನೆ ಒಂದೇ. ಅದನ್ನು ಮ್ಯಾಂಡರಿನ್ನಿನವರು 'ಷಿ' ಎಂದರೆ ಕ್ಯಾಂಟೊನೀಸಿನವರು 'ಸಪ್' ಎನ್ನುತ್ತಾರೆ, ಹೊಕ್ಕಿಯನ್ನಿನವರು 'ಚಪ್' ಎನ್ನುತ್ತಾರೆ. ನಾಡು ಎಂಬ ಅರ್ಥದ ಚಿಹ್ನೆ ಒಬ್ಬರಿಗೆ 'ಗುವೊ', ಮತ್ತೊಬ್ಬರಿಗೆ 'ಗ್ವೊಕ್', ಮಗದೊಬ್ಬರಿಗೆ 'ಕೊಕ್'. ಹಳೆಯ ಚೀನೀ ಭಾಷೆಯಲ್ಲಿ ಪದದ ಕೊನೆಗೆ ಇದ್ದ ಪ್, ತ್, ಕ್ ವ್ಯಂಜನಗಳನ್ನು ದಕ್ಷಿಣದ ಈ ಭಾಷೆಗಳು ಉಳಿಸಿಕೊಂಡವು, ಉತ್ತರದ ಮ್ಯಾಂಡರಿನ್ ಕಳೆದುಕೊಂಡಿತು.

ಹೆಸರುಗಳ ಕಥೆಯೂ ಹೀಗೆಯೇ. ಸಿಂಗಪುರದಲ್ಲಿ ಟಾನ್ ಎಂಬ ಮನೆತನದ ಹೆಸರನ್ನು ನೀವು ಕೇಳಿರಬಹುದು. ಅದೇ ಅಕ್ಷರ ಕ್ಯಾಂಟೊನೀಸ್ ಮನೆಯಲ್ಲಿ ಚಾನ್, ಮ್ಯಾಂಡರಿನ್ನಿನಲ್ಲಿ ಚೆನ್. ಕಿವಿಗೆ ಮೂರು ಮನೆತನ, ಕಾಗದದ ಮೇಲೆ ಒಂದೇ.

ನಾವು ಕುಡಿಯುವ ಪೇಯವೂ ಈ ಮನೆಜಗಳದ ಕೂಸು! ಒಂದೇ ಎಲೆಗೆ ಮ್ಯಾಂಡರಿನ್, ಕ್ಯಾಂಟೊನೀಸ್‌ಗಳಲ್ಲಿ 'ಚಾ' ಎನ್ನುತ್ತಾರೆ, ಹೊಕ್ಕಿಯನ್ನಿನಲ್ಲಿ 'ತೆ' ಎನ್ನುತ್ತಾರೆ. ಡಚ್ಚರ ಹಡಗು ಹತ್ತಿ ಯೂರೋಪಿಗೆ ಹೋದ 'ತೆ' ಇಂಗ್ಲಿಷಿನ ಟೀ ಆಗಿ ನಮ್ಮಲ್ಲಿಗೆ ಬಂತು. ಇನ್ನೊಂದು ದಾರಿ ಹಿಡಿದ 'ಚಾ' ನಮ್ಮ ಚಹಾ ಆಯಿತು. ಹೋಟೆಲಿನಲ್ಲಿ ಒಬ್ಬರು ಟೀ ಎಂದು, ಪಕ್ಕದವರು ಚಹಾ ಎಂದು ಕೇಳಿದಾಗ ಎರಡು ಚೀನೀ ಭಾಷೆಗಳು ಒಂದೇ ಮೇಜಿಗೆ ಬಂದಂತಾಯಿತು.

ಇನ್ನು ಸ್ವರದ ಮಾತು. ಚೀನೀ ಭಾಷೆಗಳಲ್ಲಿ ಧ್ವನಿಯ ಏರಿಳಿತವೇ ಪದದ ಅರ್ಥವನ್ನು ನಿರ್ಣಯಿಸುತ್ತದೆ. ಮ್ಯಾಂಡರಿನ್ನಿನ 'ಮಾ' ಸಮನಾಗಿ ಎತ್ತರದಲ್ಲಿ ನಿಂತರೆ ತಾಯಿ, ಏರಿದರೆ ಸೆಣಬು, ಇಳಿದು ಏರಿದರೆ ಕುದುರೆ, ಥಟ್ಟನೆ ಇಳಿದರೆ ಬೈಯುವುದು. ವಿಜ್ಞಾನ ಓದಿದವನಾದ್ದರಿಂದ ನನಗೆ ಇದರಲ್ಲಿ ಕುತೂಹಲ ಹೆಚ್ಚು. ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು ನೂರಿಪ್ಪತ್ತು ಬಾರಿ ಕಂಪಿಸಿದರೆ ಹೆಂಗಸಿನವು ಇನ್ನೂರಕ್ಕೂ ಹೆಚ್ಚು ಬಾರಿ. ಹಾಗಾದರೆ ಎತ್ತರದ ಸ್ವರ ಎಂದರೆ ಯಾರ ಎತ್ತರ? ನಮ್ಮ ಗಾಯಕರು ಅವರವರ ಶ್ರುತಿಯಲ್ಲಿ ಹಾಡಿದರೂ ಷಡ್ಜ ಷಡ್ಜವಾಗಿಯೇ ಕೇಳುತ್ತದಲ್ಲ, ಇದೂ ಹಾಗೆಯೇ. ಕಿವಿ ಅಳೆಯುವುದು ಕಂಪನದ ಲೆಕ್ಕವನ್ನಲ್ಲ, ಆಡುವವರ ಸ್ವಂತ ಶ್ರುತಿಗೆ ಹೋಲಿಸಿದ ಏರಿಳಿತವನ್ನು. ಮ್ಯಾಂಡರಿನ್ನಿಗೆ ಇಂಥ ನಾಲ್ಕು ಸ್ವರಗಳಾದರೆ ಕ್ಯಾಂಟೊನೀಸಿಗೆ ಆರು. ಒಂದು ಮನೆಯಲ್ಲಿ ಬೆಳೆದ ಮಗು ಈ ಎರಡೂ ಲೆಕ್ಕಗಳನ್ನು ಯಾರ ಪಾಠವೂ ಇಲ್ಲದೆ ಕಲಿಯುತ್ತದೆ. ಮನೆಯಲ್ಲಿ ಕೇಳದ ಮಗುವಿಗೆ ಅದೇ ಕೆಲಸ ಮುಂದೆ ಬೆಟ್ಟವಾಗುತ್ತದೆ.

ಹಾಗಾದರೆ ಮಗು ಕೇಳದಂತೆ ಆದದ್ದು ಹೇಗೆ? ಇಲ್ಲಿಂದ ಕಥೆಗೆ ಸರ್ಕಾರವೂ ಟೆಲಿವಿಷನ್ನೂ ಪ್ರವೇಶಿಸುತ್ತವೆ.

ಸಿಂಗಪುರದ ನಿವಾಸಿಗಳಲ್ಲಿ ನೂರಕ್ಕೆ ಸುಮಾರು 74 ಮಂದಿ ಚೀನೀ ಮೂಲದವರು. 1979ರಲ್ಲಿ ಗೋ ಕೆಂಗ್ ಸ್ವೀ ಅವರ ನೇತೃತ್ವದ ಶಿಕ್ಷಣ ವರದಿ ಹೊರಬಂತು. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮ್ಯಾಂಡರಿನ್ ಕಲಿಯುತ್ತಿದ್ದರೂ ಅವರಲ್ಲಿ ನೂರಕ್ಕೆ ಸುಮಾರು 85 ಮಂದಿಯ ಮನೆಯಲ್ಲಿ ಇವೆರಡರಲ್ಲಿ ಒಂದೂ ಇಲ್ಲ ಎಂದು ಅದು ತೋರಿಸಿತು. ಶಾಲೆಯ ಎರಡೂ ಭಾಷೆಗಳು ಪರಕೀಯವಾದ ಮೇಲೆ ಮಕ್ಕಳು ಹಿಂದುಳಿಯುವುದು ಸಹಜವೇ. ಸೈನ್ಯದಲ್ಲಿ ಕೂಡ ಇಂಗ್ಲಿಷ್, ಮ್ಯಾಂಡರಿನ್ ಎರಡೂ ಬಾರದ ಯುವಕರಿಗಾಗಿ ಹೊಕ್ಕಿಯನ್ ತುಕಡಿಗಳನ್ನೇ ಮಾಡಬೇಕಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಅವರು ಮ್ಯಾಂಡರಿನ್ ಮಾತನಾಡಿ ಎಂಬ ಚಳವಳಿಯನ್ನು ಉದ್ಘಾಟಿಸಿದರು. ಮ್ಯಾಂಡರಿನ್ ಹೆಚ್ಚಲಿ, ಉಪಭಾಷೆ ಕಡಿಮೆಯಾಗಲಿ ಎಂಬುದೇ ಅದರ ಸಾರ. ಸ್ವಾರಸ್ಯವೆಂದರೆ, 1961ರಲ್ಲಿ ಜನರ ಮುಂದೆ ಭಾಷಣ ಮಾಡಬೇಕೆಂದು ಕಷ್ಟಪಟ್ಟು ಹೊಕ್ಕಿಯನ್ ಕಲಿತವರು ಇದೇ ಲೀ. ಚಳವಳಿ ಶುರುವಾದ ಮೇಲೆ ಅವರೇ ಹೊಕ್ಕಿಯನ್ ಭಾಷಣಗಳನ್ನು ನಿಲ್ಲಿಸಿದರು.

ಚಳವಳಿಯ ಉದ್ದೇಶವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಹೊಕ್ಕಿಯನ್ ಮನೆಯ ಹುಡುಗ ಕ್ಯಾಂಟೊನೀಸ್ ಮನೆಯ ಹುಡುಗಿಯನ್ನು ಮದುವೆಯಾಗಿ ಇಬ್ಬರಿಗೂ ಸಮನಾದ ಒಂದು ಭಾಷೆಯಲ್ಲಿ ಸಂಸಾರ ಮಾಡಲು ಮ್ಯಾಂಡರಿನ್ ಸೇತುವೆಯಾಯಿತು. ನಾನು ಮೊದಲು ಹೇಳಿದ ಮನೆಯ ಗಂಡಹೆಂಡಿರ ಮಾತು ಆ ಸೇತುವೆಯ ಮೇಲಿನದೇ. ತೊಂದರೆಯಾದದ್ದು ಸೇತುವೆ ಕಟ್ಟಿದ್ದರಿಂದಲ್ಲ, ಹಳೆಯ ದೋಣಿಗಳನ್ನೆಲ್ಲ ದಡದಿಂದ ಎಳೆದು ಹಾಕಿದ್ದರಿಂದ.

ಆ ದೋಣಿಗಳಲ್ಲಿ ಒಂದು ಬಾನುಲಿ. ರೆಡಿಫ್ಯೂಷನ್ ಎಂಬ ತಂತಿ ಮೂಲಕದ ಬಾನುಲಿ ಸೇವೆ 1949ರಿಂದ ಸಿಂಗಪುರದ ಮನೆಗಳಿಗೂ ಕಾಫಿ ಅಂಗಡಿಗಳಿಗೂ ತಲುಪುತ್ತಿತ್ತು. ಕ್ಯಾಂಟೊನೀಸಿನಲ್ಲಿ ಲೀ ದಾಯ್ ಸೋರ್, ಹೊಕ್ಕಿಯನ್ನಿನಲ್ಲಿ ಓಂಗ್ ತೋ ಮೊದಲಾದವರು ದಿನದಿನವೂ ಕಥೆ ಹೇಳುತ್ತಿದ್ದರು. ನಮ್ಮ ಕಡೆ ಹರಿಕಥೆಗೆ ಜನ ನೆರೆಯುತ್ತಿದ್ದಂತೆ ಅಲ್ಲಿ ಪೆಟ್ಟಿಗೆಯ ಮುಂದೆ ಜನ ನೆರೆಯುತ್ತಿದ್ದರು. 1982ರ ಹೊತ್ತಿಗೆ ಈ ಕಥೆಗಳು ನಿಂತವು. ಟೆಲಿವಿಷನ್ನಿನಲ್ಲಿ ಹಾಂಗ್‌ಕಾಂಗಿನ ಕ್ಯಾಂಟೊನೀಸ್ ಧಾರಾವಾಹಿಗಳಿಗೆ ಬಹಳ ಜನಪ್ರಿಯತೆಯಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಅವೂ ಮ್ಯಾಂಡರಿನ್ ಡಬ್ಬಿಂಗಿಗೆ ತಿರುಗಿದವು. ತುಟಿ ಒಂದು ಭಾಷೆ, ಧ್ವನಿ ಇನ್ನೊಂದು ಭಾಷೆ. ಡಬ್ಬಿಂಗ್ ಕೊಠಡಿಯ ಅನುಭವವಿರುವವರಿಗೆ ತುಟಿಗೆ ಮಾತು ಕೂಡಿಸುವ ಕಷ್ಟ ಗೊತ್ತು. ಆದರೆ ಅದಕ್ಕಿಂತ ದೊಡ್ಡ ಕಷ್ಟ ಮನೆಯಲ್ಲಿ ಕುಳಿತ ಮುದುಕಿಯದು. ನಿನ್ನೆಯವರೆಗೆ ತನ್ನೊಡನೆ ಮಾತಾಡುತ್ತಿದ್ದ ಪೆಟ್ಟಿಗೆ ಇಂದು ತನ್ನನ್ನು ಬಿಟ್ಟು ಮೊಮ್ಮಗನೊಡನೆ ಮಾತ್ರ ಮಾತಾಡತೊಡಗಿತು.

ಹೆಸರುಗಳ ಮೇಲೂ ಕೈಯಾಡಿತು. ಸಿರಂಗೂನ್ ರಸ್ತೆಯ ಲಿಟ್ಲ್ ಇಂಡಿಯಾಕ್ಕೆ ಹೋದ ನಮ್ಮವರೆಲ್ಲ ತೆಕ್ಕಾ ಮಾರುಕಟ್ಟೆಯನ್ನು ನೋಡಿರುತ್ತಾರೆ. ತೆಕ್ಕಾ ಎಂಬುದು ಹೊಕ್ಕಿಯನ್ ಮಾತು. ಬಿದಿರ ಬುಡ ಎಂದು ಅರ್ಥ. ಎಂಬತ್ತರ ದಶಕದಲ್ಲಿ ಹೊಸ ಕಟ್ಟಡವಾದಾಗ ಅದೇ ಅಕ್ಷರಗಳ ಮ್ಯಾಂಡರಿನ್ ಉಚ್ಚಾರದಂತೆ ಅದಕ್ಕೆ ಝೂಜಿಯಾವ್ ಎಂದು ಹೆಸರಿಟ್ಟರು. ಚೀನೀಯರ ಬಾಯಿಗೂ ಅದು ಹತ್ತಲಿಲ್ಲ, ತಮಿಳರ ಬಾಯಿಗೂ ಹತ್ತಲಿಲ್ಲ. ಕೊನೆಗೆ 2000ದಲ್ಲಿ ಮಾರುಕಟ್ಟೆ ಮತ್ತೆ ತೆಕ್ಕಾ ಆಯಿತು.

ಮಾರುಕಟ್ಟೆಯ ಹೆಸರನ್ನು ಹಿಂದಕ್ಕೆ ತರಬಹುದು. ಮನೆಯ ಮಾತನ್ನು ತರುವುದು ಅಷ್ಟು ಸುಲಭವಲ್ಲ. ಜನಗಣತಿಯ ಅಂಕಿಗಳನ್ನೇ ನೋಡಿ. 1990ರಲ್ಲಿ ಸಿಂಗಪುರದ ಚೀನೀಯರಲ್ಲಿ ನೂರಕ್ಕೆ ಸುಮಾರು 50 ಮಂದಿ ಮನೆಯಲ್ಲಿ ಹೆಚ್ಚಾಗಿ ಆಡುತ್ತಿದ್ದುದು ಹೊಕ್ಕಿಯನ್ ಮೊದಲಾದ ಉಪಭಾಷೆಗಳನ್ನು. 2000ದಲ್ಲಿ ಅದು ಸುಮಾರು 31ಕ್ಕೆ, 2010ರಲ್ಲಿ 19ಕ್ಕೆ, 2020ರಲ್ಲಿ 12ಕ್ಕೆ ಇಳಿಯಿತು. ಹಾಗೆಂದು ಮ್ಯಾಂಡರಿನ್ ಗೆದ್ದಿತೆನ್ನೋಣವೆ? ಅದು 1990ರ 30ರಿಂದ 2010ರ ಹೊತ್ತಿಗೆ ಸುಮಾರು 48ಕ್ಕೆ ಏರಿತು, ನಿಜ. ಆದರೆ 2020ರಲ್ಲಿ 40ಕ್ಕೆ ಇಳಿಯಿತು. ಅಷ್ಟರಲ್ಲಿ ಇಂಗ್ಲಿಷು 19ರಿಂದ ಸುಮಾರು 48ಕ್ಕೆ ಬಂದು ಮೊದಲ ಸ್ಥಾನದಲ್ಲಿ ಕೂತಿತ್ತು. 1987ರ ಹೊತ್ತಿಗೇ ಎಲ್ಲ ಶಾಲೆಗಳಲ್ಲೂ ಇಂಗ್ಲಿಷೇ ಮುಖ್ಯ ಮಾಧ್ಯಮವಾಗಿತ್ತು, ಉದ್ಯೋಗವೂ ಅದರಲ್ಲೇ. 1991ರಿಂದ ಚಳವಳಿಯವರೂ ಉಪಭಾಷೆಯನ್ನು ಬಿಟ್ಟು, ಇಂಗ್ಲಿಷ್ ಓದಿದ ಚೀನೀಯರನ್ನು ಮ್ಯಾಂಡರಿನ್ನಿನ ಕಡೆಗೆ ಕರೆಯತೊಡಗಿದ್ದರು. ಅಜ್ಜಿಯ ಮಾತನ್ನು ಬಾಗಿಲಾಚೆ ಕಳಿಸಿದ ಮನೆಗೆ ಅಪ್ಪನ ಮಾತನ್ನು ಉಳಿಸಿಕೊಳ್ಳುವ ಶಕ್ತಿಯೂ ತಾನಾಗಿ ಬರಲಿಲ್ಲ.

ಆದರೂ ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಹೆಚ್ಚಾಗಿ ಆಡುವ ಭಾಷೆ ಯಾವುದು ಎಂಬುದಕ್ಕೆ ಇವು ಉತ್ತರ. ಆಡುವ ಭಾಷೆ ಇದೊಂದೇ ಎಂದಲ್ಲ. ಅದೇ 2020ರ ಗಣತಿಯಲ್ಲಿ, ಮನೆಯಲ್ಲಿ ಇಂಗ್ಲಿಷನ್ನು ಹೆಚ್ಚಾಗಿ ಆಡುವ ಸಿಂಗಪುರ ನಿವಾಸಿಗಳಲ್ಲಿ ನೂರಕ್ಕೆ 87 ಮಂದಿ ಅದರ ಜೊತೆಗೆ ಮತ್ತೊಂದು ದೇಶಭಾಷೆಯನ್ನೂ ಬಳಸುವುದಾಗಿ ಹೇಳಿದರು. ಬೆರಕೆ ಮಾತಿನ ಮನೆ ಇನ್ನೂ ನಿಂತಿದೆ.

ಆ ಬೆರಕೆಯೊಳಗೆ ನಿಜಕ್ಕೂ ಏನು ನಡೆಯುತ್ತದೆ? ಇದನ್ನು ತಾಳ್ಮೆಯಿಂದ ಗಮನಿಸಿದವರಲ್ಲಿ ಲಿ ವೇ ಎಂಬ ಭಾಷಾವಿಜ್ಞಾನಿ ಒಬ್ಬರು. ಇಂಗ್ಲೆಂಡಿನ ನ್ಯೂಕಾಸಲ್ ಸುತ್ತಲಿನ ಟೈನ್‌ಸೈಡ್ ಪ್ರದೇಶದ ಚೀನೀ ಕುಟುಂಬಗಳ ಮಾತನ್ನು ಕುರಿತ ಅವರ ಪುಸ್ತಕ 1994ರಲ್ಲಿ ಪ್ರಕಟವಾಯಿತು. ಮೂರು ತಲೆಮಾರು ಒಂದೇ ಮನೆಯಲ್ಲಿ. ಅಜ್ಜ ಅಜ್ಜಿಯರಿಗೆ ಬಹುಪಾಲು ಚೀನೀ ಭಾಷೆ ಮಾತ್ರ, ಅಪ್ಪ ಅಮ್ಮಂದಿರಿಗೆ ಎರಡೂ, ಮಕ್ಕಳ ಒಲವು ಇಂಗ್ಲಿಷಿನ ಕಡೆ. ಭಾಷೆ ಬದಲಿಸುವುದು ಮಕ್ಕಳ ಅಜ್ಞಾನವಲ್ಲ, ಅದಕ್ಕೊಂದು ಲೆಕ್ಕಾಚಾರವಿದೆ ಎಂದು ಅವರು ತೋರಿಸಿದರು. ತಾಯಿ ಕ್ಯಾಂಟೊನೀಸಿನಲ್ಲಿ ಅನ್ನ ಬೇಕೆ ಎಂದು ಕೇಳುತ್ತಾಳೆ. ಮಗುವಿಗೆ ಬೇಡ. ಬೇಡವೆಂದು ತಾಯಿಯ ಭಾಷೆಯಲ್ಲೇ ಮುಖಕ್ಕೆ ಹೊಡೆದಂತೆ ಹೇಳುವ ಬದಲು ಸ್ವಲ್ಪ ಸುಮ್ಮನಿದ್ದು, ಬೇರೇನೋ ಬೇಕೆಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ಕೇಳಿದ ಭಾಷೆ ಬಿಟ್ಟು ಬೇರೆ ಭಾಷೆಯಲ್ಲಿ ಬಂದ ಉತ್ತರವೇ 'ನಿಮ್ಮ ಮಾತಿಗೆ ನನ್ನ ಒಪ್ಪಿಗೆಯಿಲ್ಲ' ಎಂಬುದರ ಸೂಚನೆ. ನಮ್ಮ ಮನೆಗಳ ಹದಿಹರೆಯದವರು ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರಿಸುವಾಗಲೂ ಒಮ್ಮೆ ಗಮನಿಸಿ ನೋಡಿ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ. ಹಾಂಗ್‌ಕಾಂಗಿನ ಆಪ್ ಚಾವ್ ಎಂಬ ಪುಟ್ಟ ದ್ವೀಪದಿಂದ ಬಂದ ಮನೆತನಗಳ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಚೀನೀ ಭಾಷೆ ಉಳಿಸಿಕೊಂಡಿದ್ದರು. ಅವರಿಗೆ ತಮ್ಮದೇ ಒಂದು ಚರ್ಚು ಇತ್ತು; ಅಲ್ಲಿ ತಲೆಮಾರುಗಳು ಪದೇ ಪದೇ ಒಂದೆಡೆ ಕೂಡುತ್ತಿದ್ದವು. ಭಾಷೆ ಉಳಿಯಲು ಅಭಿಮಾನವೊಂದೇ ಸಾಲದು, ಕೂಡುವ ಜಾಗ ಬೇಕು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಭಾಷೆ ಒಂದು ಮನೆಯಿಂದ ಒಂದೇ ದಿನ ಎದ್ದು ಹೋಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೊದಲು ನಾಲಿಗೆ ಬಿಡುತ್ತದೆ. ಮಗುವಿಗೆ ಅರ್ಥವಾಗುತ್ತದೆ, ಆಡಲು ಬಾರದು. ಆಮೇಲೆ ಕಿವಿ ಬಿಡುತ್ತದೆ. ಕಡೆಯಲ್ಲಿ ಉಳಿಯುವುದು ತಿಂಡಿಯ ಹೆಸರುಗಳು, ಬೈಗುಳಗಳು, ಮತ್ತು ಬಂಧುಗಳನ್ನು ಕರೆಯುವ ಮಾತುಗಳು.

ಬಂಧುವಾಚಕಗಳಲ್ಲಿ ಚೀನೀಯರು ನಮ್ಮ ಹಾಗೆಯೇ. ಅಪ್ಪನ ಅಣ್ಣನಿಗೊಂದು ಪದ, ತಮ್ಮನಿಗೊಂದು ಪದ, ತಾಯಿಯ ಸೋದರನಿಗೆ ಬೇರೊಂದು ಪದ. ನಾವು ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎನ್ನುವುದನ್ನು ಹೊಕ್ಕಿಯನ್ನರು ಪೆಕ್, ಚೆಕ್, ಕೂ ಎನ್ನುತ್ತಾರೆ. ಅಂಕಲ್ ಎಂಬ ಒಂದೇ ಪದ ಬಂದು ಈ ಮೂವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುತ್ತದೆ. ಅನೇಕ ಚೀನೀ ಮನೆಗಳಲ್ಲಿ ಊಟಕ್ಕೆ ಕುಳಿತ ಕಿರಿಯರು ಹಿರಿಯರೊಬ್ಬೊಬ್ಬರನ್ನೂ ಸಂಬಂಧ ಹಿಡಿದು ಕರೆದು, ಊಟ ಮಾಡಿ ಎಂದು ಹೇಳಿದ ಮೇಲೆಯೇ ತುತ್ತೆತ್ತಬೇಕು. ಹೊಕ್ಕಿಯನ್ ಮರೆತ ಮಗುವೂ ಈ ಎರಡು ಮಾತನ್ನು ಹೊಕ್ಕಿಯನ್ನಿನಲ್ಲೇ ಆಡುವುದುಂಟು. ಅಜ್ಜಿ ಮೊಮ್ಮಗಳ ನಡುವೆ ಉಳಿದ ಭಾಷೆ ಅಷ್ಟೇ ಆದರೆ, ಮಗು ಬಡಿಸಿದ್ದನ್ನು ಉಣ್ಣಬಹುದು. ಅಜ್ಜಿಯ ಬಾಲ್ಯ, ಆಕೆ ಕಂಡ ಯುದ್ಧ, ಆಕೆಯ ಮಂಡಿನೋವು, ಆಕೆಯ ಭಯ ಇವುಗಳಲ್ಲಿ ಒಂದೂ ಮಗುವನ್ನು ಮುಟ್ಟುವುದಿಲ್ಲ. ಒಂದೇ ಮನೆಯಲ್ಲಿದ್ದು ಒಬ್ಬರಿಗೊಬ್ಬರು ಅಪರಿಚಿತರಾಗುವುದೆಂದರೆ ಇದೇ.

ಈ ನಷ್ಟದ ಅರಿವು ಸಿಂಗಪುರಕ್ಕೂ ಆಯಿತು. 2014ರಲ್ಲಿ ಹಿರಿಯ ನಾಗರಿಕರ ಆರೋಗ್ಯ ಸೌಲಭ್ಯಗಳನ್ನು ವಿವರಿಸಬೇಕಾದಾಗ ಸರ್ಕಾರವೇ ಉಪಭಾಷೆಗಳಲ್ಲಿ ಜಾಹೀರಾತು ಮಾಡಿಸಿತು. ಔಷಧಿಯ ವಿಷಯವನ್ನು ಮುದುಕರಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿ ಪ್ರಯೋಜನವೇನು? 2016ರಲ್ಲಿ ರಾಯ್‌ಸ್ಟನ್ ಟಾನ್ ನಿರ್ದೇಶನದ ಹೊಕ್ಕಿಯನ್ ಧಾರಾವಾಹಿಯೊಂದು ಅಲ್ಲಿನ ಎಂಟನೇ ವಾಹಿನಿಯಲ್ಲಿ ಪ್ರಸಾರವಾಯಿತು. ಹಲವು ದಶಕಗಳ ಮೇಲೆ ಅಲ್ಲಿನ ಉಚಿತ ವಾಹಿನಿಯಲ್ಲಿ ಕೇಳಿಬಂದ ಉಪಭಾಷೆಯ ಧಾರಾವಾಹಿ ಅದು. ಅದರ ಹೆಸರಿನ ಅರ್ಥ ನಿಮಗೆ ಹಿಡಿಸುತ್ತದೆ: 'ಊಟವಾಯಿತೇ?' ನಾವು ದಾರಿಯಲ್ಲಿ ಸಿಕ್ಕವರನ್ನು ಕೇಳುವ ಹಾಗೆ ಚೀನೀಯರೂ ಕೇಳುವ ಕುಶಲಪ್ರಶ್ನೆ. ಹೊಕ್ಕಿಯನ್ನಿನಲ್ಲಿ 'ಜಿಯಾಕ್ ಪಾ ಬುವೆ', ಕ್ಯಾಂಟೊನೀಸಿನಲ್ಲಿ 'ಸಿಕ್ ಜೊ ಫಾನ್ ಮೇ'. ಭಾಷೆ ಬೇರೆ, ಅಕ್ಕರೆ ಒಂದೇ.

ಚೀನಾದಲ್ಲೂ ಟೆಲಿವಿಷನ್ನಿನ ಭಾಷೆ ಮನೆಮನೆಯ ವಿಷಯವಾದ ಪ್ರಸಂಗವಿದೆ. 2010ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಮುಂಚೆ, ಗ್ವಾಂಗ್‌ಝೌ ನಗರದ ವಾಹಿನಿಯ ಕ್ಯಾಂಟೊನೀಸ್ ಕಾರ್ಯಕ್ರಮಗಳನ್ನು ಮ್ಯಾಂಡರಿನ್ನಿಗೆ ತಿರುಗಿಸಬೇಕೆಂಬ ಸಲಹೆ ಬಂದಾಗ ಜನ ಬೀದಿಗಿಳಿದರು. ಅವರಲ್ಲಿ ಯುವಕರೇ ಹೆಚ್ಚು. ಮ್ಯಾಂಡರಿನ್ ಅವರಿಗೂ ಬರುತ್ತಿತ್ತು. ಅವರು ಕೇಳಿದ್ದು ಒಂದನ್ನು ಬಿಟ್ಟು ಇನ್ನೊಂದನ್ನಲ್ಲ, ಎರಡನ್ನೂ.

ಮಗುವಿನ ತಲೆ ಒಂದು ಕೊಡ, ಒಂದು ಭಾಷೆ ಸುರಿದರೆ ಇನ್ನೊಂದು ಚೆಲ್ಲುತ್ತದೆ ಎಂಬ ಭಾವನೆ ಬಹಳ ಮಂದಿಗಿದೆ. ಎರಡು ಮೂರು ಭಾಷೆ ಕೇಳುತ್ತ ಬೆಳೆದ ಕೋಟ್ಯಂತರ ಮಕ್ಕಳು ಪ್ರಪಂಚದಲ್ಲಿದ್ದಾರೆ. ಯಾರ ಕೊಡವೂ ಒಡೆದಿಲ್ಲ. ಮಿತಿ ಇರುವುದು ಮಿದುಳಿಗಲ್ಲ, ದಿನದ ಹೊತ್ತಿಗೆ. ಯಾವ ಭಾಷೆಗೆ ದಿನದಲ್ಲಿ ಹೊತ್ತು ಸಿಗುವುದಿಲ್ಲವೋ ಅದು ಸೊರಗುತ್ತದೆ. ಆದ್ದರಿಂದ ಪರಿಹಾರವೂ ದೊಡ್ಡದೇನಲ್ಲ. ಅಜ್ಜಿಯೊಡನೆ ಮಗು ದಿನಕ್ಕೆ ಇಷ್ಟು ಹೊತ್ತು ಕೂರಬೇಕು. ಅಪ್ಪ ನಡುವೆ ದುಭಾಷಿಯಾಗದೆ ಎದ್ದು ಹೋಗಬೇಕು. ಮಗುವಿನ ತಪ್ಪು ಉಚ್ಚಾರಕ್ಕೆ ಯಾರೂ ನಗಬಾರದು. ನಗೆಪಾಟಲಾದ ಮಗು ಮರುದಿನ ಬಾಯಿ ತೆರೆಯುವುದಿಲ್ಲ.

ಇದೇ ಸಿಂಗಪುರದಲ್ಲಿ ಕನ್ನಡಿಗರ ಮನೆಗಳೂ ಇವೆ. ಅಲ್ಲಿನ ಶಾಲೆಗಳಲ್ಲಿ ಭಾರತೀಯ ಮಕ್ಕಳು ಎರಡನೆಯ ಭಾಷೆಯಾಗಿ ತಮಿಳನ್ನೋ, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಲ್ಲಿ ಒಂದನ್ನೋ ಆರಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಅಲ್ಲಿನ ಕನ್ನಡದ ಮಗುವಿಗೆ ಇರುವ ಪಾಠಶಾಲೆ ಮನೆ, ಇರುವ ಮೇಷ್ಟ್ರು ಮನೆಯ ಹಿರಿಯರು. ಹೊಕ್ಕಿಯನ್ ಅಜ್ಜಿಯ ಸ್ಥಿತಿಯೂ ನಮ್ಮ ಅಜ್ಜಿಯ ಸ್ಥಿತಿಯೂ ಅಷ್ಟರಮಟ್ಟಿಗೆ ಒಂದೇ.

ನಮ್ಮ ಕಸುಬಿನವರಿಗೂ ಇಲ್ಲಿ ಒಂದು ಪಾಠವಿದೆ. ಒಂದು ವಾಹಿನಿ ಯಾವ ಭಾಷೆಯಲ್ಲಿ ಮಾತನಾಡಬೇಕೆಂದು ತೀರ್ಮಾನಿಸುವಾಗ ಎಷ್ಟು ಜನ ನೋಡುತ್ತಾರೆ ಎಂಬ ಲೆಕ್ಕವನ್ನು ನಾವು ತಪ್ಪದೆ ಹಾಕುತ್ತೇವೆ. ಆ ಮನೆಯಲ್ಲಿ ಯಾರು ಯಾರೊಡನೆ ಕುಳಿತು ನೋಡುತ್ತಾರೆ ಎಂಬುದನ್ನು ಅಷ್ಟಾಗಿ ಕೇಳುವುದಿಲ್ಲ. ಕರ್ನಾಟಕದಲ್ಲೂ ತುಳು, ಕೊಡವ, ಕೊಂಕಣಿ, ಬ್ಯಾರಿ ಆಡುವ ಮನೆಗಳಲ್ಲಿ ಅಜ್ಜಿಯರಿದ್ದಾರೆ. ವಾರಕ್ಕೆ ಅರ್ಧ ಗಂಟೆಯಾದರೂ ಅಜ್ಜಿಗೆ ಅರ್ಥವಾಗುವ, ಮೊಮ್ಮಗುವಿಗೆ ಕುತೂಹಲ ಹುಟ್ಟಿಸುವ ಕಾರ್ಯಕ್ರಮ ಸಿಕ್ಕರೆ ಮಗು ಪಕ್ಕಕ್ಕೆ ತಿರುಗಿ 'ಹಾಗಂದರೇನಜ್ಜಿ?' ಎಂದು ಕೇಳುತ್ತದೆ. ನಾವು ಕೊಡಬಹುದಾದದ್ದು ಆ ಪ್ರಶ್ನೆಗೊಂದು ನೆಪವನ್ನು ಮಾತ್ರ. ಉತ್ತರ ಹೇಳುವವರು ಮನೆಯಲ್ಲೇ ಇದ್ದಾರೆ. ಅವರು ಇರುವಾಗಲೇ ಕೇಳಬೇಕು.